ಊಟದ ಮನೆಯ ನಡುಗಂಬ

ಇದನ್ನು ನೀವು ನಂಬುವುದಿಲ್ಲ. ಬೇಕಾದರೆ ಪಂಥ ಕಟ್ಟಿ. ಶಂಕರಪುರದಿಂದ ಚಾಮರಾಜಪೇಟೆವರೆಗೆ ಯಾವ ಕಾಫಿ ಅಂಗಡಿ ಮುಂದೆ ಬೇಕಾದರೂ ನಿಂತು ‘ನಕ್ಷೆ ಸೀನಣ್ಣ ಹೇಗೆ?’ ಎಂದು ಕೇಳಿ ನೋಡಿ. ‘ಅವನು ಹೇಳಿದ್ದರಲ್ಲಿ ಅರ್ಧ ಬಿಡಿ, ಉಳಿದದ್ದರಲ್ಲಿ ಇನ್ನರ್ಧ ಬಿಡಿ’ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಮಾಡದ ಕುಚೇಷ್ಟೆಯನ್ನೂ ಮಾಡಿದೆನೆಂದು ಹೇಳಿ ಹೆಸರು ಸಂಪಾದಿಸಿದವನು ನಾನು. ಆದರೆ ಇದು ನಾನು ಹೆದರಿದ ಕಥೆ. ಗೆದ್ದ ಕಥೆಗಳನ್ನು ಹುಟ್ಟಿಸಿ ಹೇಳಬಹುದು. ಹೆದರಿದ ಕಥೆಯನ್ನು ಹುಟ್ಟಿಸಿ ನನಗೇನು ಲಾಭ, ನೀವೇ ಹೇಳಿ.

ಹೋದ ತಿಂಗಳು ಚಾಮರಾಜಪೇಟೆಯ ಒಂದು ಛತ್ರಕ್ಕೆ ಮದುವೆಗೆ ಹೋಗಿದ್ದೆ. ನನ್ನ ಹೆಂಡತಿ ಕಮಲಳ ಕಡೆಯವರದು. ಧಾರೆ ಮುಗಿಯಿತು, ಊಟಕ್ಕೆ ನೆಲಮಾಳಿಗೆಗೆ ಇಳಿದೆವು. ಮೆಟ್ಟಿಲ ಕೊನೆಗೆ ಬರುವಷ್ಟರಲ್ಲಿ ಆ ವಾಸನೆ ಮೂಗಿಗೆ ಬಡಿಯಿತು. ಮೇಲೆ ಬಿಸಿ ಸಾರಿನ ಇಂಗಿನ ಒಗ್ಗರಣೆ. ಅದರ ಅಡಿಯಲ್ಲಿ, ಎಷ್ಟು ವರ್ಷವಾದರೂ ಪೂರ್ತಿ ಆರದ ಸಿಮೆಂಟಿನ ತಣ್ಣನೆ ವಾಸನೆ. ನನ್ನ ಕಾಲು ಅಲ್ಲೇ ನಿಂತುಬಿಟ್ಟಿತು. ಹಿಂದಿನವರು ನೂಕಿದ್ದಕ್ಕೆ ಒಳಗೆ ಹೋದೆ. ಎಲೆ ಮುಂದೆ ಕೂತ ಮೇಲೂ ನನ್ನ ಕಣ್ಣು ಕೋಸಂಬರಿಯ ಮೇಲಿರಲಿಲ್ಲ, ಚಾವಣಿಯ ಮೇಲಿತ್ತು.

“ಏನ್ರೀ, ಒಬ್ಬಟ್ಟು ಮೇಲಿಂದ ಉದುರುತ್ತೆ ಅಂತ ಕಾಯ್ತಿದೀರಾ?” ಎಂದಳು ಕಮಲ.

ಆ ಊಟದ ಮನೆಯ ನಟ್ಟನಡುವೆ, ಸರಿಯಾಗಿ ಪಂಕ್ತಿಗೆ ಅಡ್ಡವಾಗಿ, ಒಂದು ದುಂಡು ಕಂಬವಿದೆ. ನಾನು ಹುಡುಕಿಕೊಂಡು ಹೋಗಿ ಅದರ ಪಕ್ಕದಲ್ಲೇ ಕೂತಿದ್ದೆ, ಎಡಗೈಯನ್ನು ಅದರ ಮೇಲಿಟ್ಟುಕೊಂಡು.

“ಯಜಮಾನ್ರೇ, ಸ್ವಲ್ಪ ಕಂಬ ಬಿಡಿ. ತುಪ್ಪ ಬರ್ತಿದೆ” ಎಂದ ಬಡಿಸುವವನು.

ಬಿಡಲಿಲ್ಲ. ಒಂದು ಮಳೆಗಾಲದಲ್ಲಿ ಆ ಕಂಬ ಇರಲೇ ಇಲ್ಲ. ಇದೆ ಎಂದುಕೊಂಡು ನಾವೆಲ್ಲ ನೆಮ್ಮದಿಯಾಗಿ ಓಡಾಡಿಕೊಂಡಿದ್ದೆವು.

ಎರಡು ಸಾವಿರದ ಇಸವಿ ದಾಟಿ ಐದಾರು ವರ್ಷವಾಗಿರಬೇಕು. ನಮ್ಮ ಆಫೀಸು ಶಂಕರಪುರದ ಒಂದು ಹಳೆ ಮನೆಯಲ್ಲಿತ್ತು. ಕೆಂಪು ಗಾರೆ ನೆಲ, ಹಿತ್ತಲಲ್ಲಿ ಸೀಬೆ ಮರ. ದೇವರ ಕೋಣೆಯಾಗಿದ್ದ ಜಾಗದಲ್ಲಿ ಸರ್ವರ್ ಎನ್ನುವ ದೊಡ್ಡ ಕಂಪ್ಯೂಟರು ಕೂತಿತ್ತು. ಅದಕ್ಕೂ ಶುಕ್ರವಾರ ಕುಂಕುಮ ಬೀಳುತ್ತಿತ್ತು. ಆಫೀಸಿನ ಒಡತಿ ಆರ್ಕಿಟೆಕ್ಟ್ ವಸಂತಾ ಮೇಡಂ. ಅವರು ಬೈಯುತ್ತಿರಲಿಲ್ಲ, ಕನ್ನಡಕದ ಮೇಲಿನಿಂದ ಸುಮ್ಮನೆ ನೋಡುತ್ತಿದ್ದರು. ಬೈದಿದ್ದರೇ ಚೆನ್ನಾಗಿತ್ತು ಅನಿಸುತ್ತಿತ್ತು. ಎನ್.ಆರ್. ಕಾಲೋನಿಯಿಂದ ಬರುತ್ತಿದ್ದ ಗಾಯತ್ರಿಯೂ ಆರ್ಕಿಟೆಕ್ಟ್. ಗೋಡೆ, ಬಾಗಿಲು, ಕಟ್ಟಡ ಕಣ್ಣಿಗೆ ಕಾಣುವ ರೂಪ ಎಲ್ಲ ಅವಳದು. ಚಾಮರಾಜಪೇಟೆಯ ಅನ್ವರ್ ಇಂಜಿನಿಯರು. ಕಂಬ, ಬೀಮು, ತಾರಸಿ, ಯಾವುದು ಎಷ್ಟು ಭಾರ ಹೊರಬೇಕೆಂಬ ಲೆಕ್ಕ ಅವನದು. ಇನ್ನು ನಾನು. ತಪ್ಪಿದ ಗೆರೆಯನ್ನು ಬ್ಲೇಡಿನಲ್ಲಿ ಕೆರೆದು ತೆಗೆಯುತ್ತಿದ್ದ ಕಾಲದ ನಕ್ಷೆಗಾರ. ಹಾಳೆ ತೂತಾಗದಂತೆ ಶಾಯಿ ಕೆರೆಯುವವರು ಬೆಂಗಳೂರಿನಲ್ಲಿ ಇಬ್ಬರಿದ್ದರು, ಇನ್ನೊಬ್ಬರು ತೀರಿಕೊಂಡರು. ಕಂಪ್ಯೂಟರ್ ಬಂದ ಮೇಲೆ ನನಗೆ ನೀರಿನ ಪೈಪು, ಅಡುಗೆಮನೆಯ ಹೊಗೆ ಕೊಳವೆ, ಹಾಳೆಗಳನ್ನು ಪ್ರಿಂಟು ತೆಗೆಯುವ ಕೆಲಸ ಬಂದಿತ್ತು.

ಅಲ್ಲಿಯವರೆಗೆ ಒಬ್ಬೊಬ್ಬರೂ ಅವರವರ ನಕ್ಷೆ ಅವರವರೇ ಬರೆಯುತ್ತಿದ್ದೆವು. ಆ ವರ್ಷ ಮೇಡಂ ಹೊಸ ಸಾಫ್ಟ್‌ವೇರ್ ತಂದರು. ಅದರಲ್ಲಿ ನಕ್ಷೆಯೇ ಇಲ್ಲ. ಇಡೀ ಕಟ್ಟಡವನ್ನೇ ಕಂಪ್ಯೂಟರಿನೊಳಗೆ ಕಟ್ಟಬೇಕು. ಮೂಲ ಕಟ್ಟಡ ಸರ್ವರಿನಲ್ಲಿರುತ್ತದೆ. ನಾಲ್ಕು ಜನವೂ ಅದರ ಒಂದೊಂದು ನಕಲನ್ನು ತಮ್ಮ ಮೇಜಿಗೆ ಇಳಿಸಿಕೊಂಡು ಕೆಲಸ ಮಾಡಿ, ಆಗಾಗ ತಾವು ಮಾಡಿದ್ದನ್ನು ಮೂಲಕ್ಕೆ ಸೇರಿಸಿ, ಉಳಿದವರು ಮಾಡಿದ್ದನ್ನು ತಮ್ಮ ನಕಲಿಗೆ ತೆಗೆದುಕೊಳ್ಳಬೇಕು. ಒಂದೇ ಒಲೆ, ನಾಲ್ಕು ಜನ ಅಡಿಗೆಯವರು. ಮಧ್ಯಾಹ್ನ ಮೂರಾಗುತ್ತಿದ್ದಂತೆ ಮಳೆ ಕವಿದು ಕರೆಂಟು ಹೋಗುತ್ತಿತ್ತು. ಬ್ಯಾಟರಿ ಕೀಂ ಕೀಂ ಎನ್ನುತ್ತಿದ್ದ ಹಾಗೆ ಎಲ್ಲ ಮೇಜುಗಳಿಂದ ಒಂದೇ ಕೂಗು: “ಸೇರ್ಸಿ, ಸೇರ್ಸಿ!”

ಇಂಥ ವ್ಯವಸ್ಥೆಯೊಳಗೆ ನನ್ನನ್ನು ಬಿಟ್ಟರೆ ಏನಾಗುತ್ತದೆ? ಮೊದಲನೇ ವಾರವೇ ತಾರಸಿ ಮೇಲೆ ಒಂದು ಎಮ್ಮೆ ನಿಂತಿತ್ತು. ಮೇಡಂ ಪರದೆಯಲ್ಲಿ ಕಟ್ಟಡ ಸುತ್ತಿಸಿ ಗಿರಾಕಿಗೆ ತೋರಿಸುವಾಗ ಅದು ಬಾಲ ಎತ್ತಿಕೊಂಡು ಕಂಡಿತು. ಎರಡನೇ ವಾರ ಗಂಡಸರ ಶೌಚಾಲಯದಲ್ಲಿ ಸಿಂಹಾಸನ. ಮೂರನೆಯದು ಸ್ವಲ್ಪ ಜಾಸ್ತಿಯಾಯಿತು. ಅನ್ವರ್ ಊಟಕ್ಕೆ ಹೋಗಿದ್ದಾಗ ಅವನ ಮೆಟ್ಟಿಲ ಸಾಲನ್ನು ಹಿಂದುಮುಂದಾಗಿ ತಿರುಗಿಸಿಟ್ಟೆ. ಅವನು ಗೊತ್ತಿಲ್ಲದೆ ಅದರ ಮೇಲೇ ಸಾಯಂಕಾಲದ ತನಕ ಕೆಲಸ ಮಾಡಿದ.

ಮಾರನೆಯ ದಿನ ಮೇಡಂ ಎರಡು ಕಟ್ಟಳೆ ಮಾಡಿದರು. ಒಂದು, ಇನ್ನೊಬ್ಬರು ಇಟ್ಟದ್ದನ್ನು ಯಾರೂ ಮುಟ್ಟುವಂತಿಲ್ಲ. ಏನಾದರೂ ಎರಡೆರಡಾಗಿ ಬಂದರೆ ತಮ್ಮದನ್ನು ತೆಗೆಯಬೇಕೇ ಹೊರತು ಇನ್ನೊಬ್ಬರದನ್ನಲ್ಲ. ಎರಡು, ‘ಸೀನಣ್ಣನ ಸಾಮಾನು’ ಎಂದು ಒಂದು ಬೇರೆ ಗುಂಪು. ನನ್ನ ಎಮ್ಮೆ, ಸಿಂಹಾಸನ ಎಲ್ಲ ಅದರಲ್ಲಿ. ಆ ಗುಂಪು ಎಲ್ಲರ ಪರದೆಯಲ್ಲೂ ಮುಚ್ಚಿರಬೇಕು.

“ಆಡ್ಕೊಳ್ಳಿ ಸೀನಣ್ಣ. ಆದ್ರೆ ನಮ್ಮ ಕಣ್ಣಿಗೆ ಬೀಳ್ಬೇಡಿ” ಎಂದರು. ಇಂಥ ಅವಮಾನ ನನಗೆ ಯಾರೂ ಮಾಡಿರಲಿಲ್ಲ.

ನಾವು ಕಟ್ಟುತ್ತಿದ್ದದ್ದು ಇದೇ ಛತ್ರವನ್ನು. ಯಜಮಾನರು ಮುನಿಯಪ್ಪನವರು, ಮಾರ್ಕೆಟ್ಟಿನಲ್ಲಿ ತಲೆಮಾರಿನಿಂದ ತರಕಾರಿ ಮಂಡಿ. ಬಿಳಿ ಪಂಚೆ, ಕಂಕುಳಲ್ಲಿ ಛತ್ರಿ, ದೊಡ್ಡ ದನಿ. ಛತ್ರದಲ್ಲಿ ಮೊದಲನೇ ಮದುವೆ ಅವರ ಮಗಳದೇ ಎಂದು ಗೊತ್ತಾಗಿತ್ತು. ಅವರಿಗೆ ಇಡೀ ಕಟ್ಟಡದಲ್ಲಿ ಒಂದೇ ಒಂದರ ಮೇಲೆ ದ್ವೇಷ: ಊಟದ ಮನೆಯ ನಡುಗಂಬ.

“ಮೇಡಂ, ಸಾರಿನ ಬಕೀಟು ಹಿಡ್ದು ಓಡೋನು ಕಣ್ಮುಚ್ಕೊಂಡು ಓಡ್ತಾನೆ. ಮಧ್ಯೆ ಈ ಕಂಬ ಬಂದ್ರೆ ಬೀಗ್ರ ತಲೆ ಮೇಲೇ ಅಭಿಷೇಕ. ತೆಗೀರಿ ಅದನ್ನ.”

“ತೆಗೆಯೋಕೆ ಆಗಲ್ಲ ಮುನಿಯಪ್ಪನವರೇ. ಮೇಲೆ ಮದುವೆ ಹಾಲ್ ಇದೆ, ಅಷ್ಟು ಜನ ಕೂತ್ಕೋತಾರೆ. ಅದನ್ನ ಹೊರೋದೇ ಆ ಕಂಬ.”

“ಇಷ್ಟೊಂದ್ ಕಂಪ್ಯೂಟರ್ ಇಟ್ಕೊಂಡಿದೀರ, ಒಂದ್ ಕಂಬ ಅಳಿಸಕ್ಕಾಗಲ್ವಾ?”

ಕೊನೆಗೆ ಮೇಡಂ ಒಂದು ಸಮಾಧಾನ ಹುಡುಕಿದರು: ಚೌಕದ ಕಂಬವನ್ನು ದುಂಡಗೆ ಮಾಡೋಣ, ಬಡಿಸುವವರ ಮೊಣಕೈಗೆ ಮೂಲೆ ತಾಗುವುದಿಲ್ಲ. ಮುನಿಯಪ್ಪನವರು ಗೊಣಗುತ್ತಾ ಹೋದರು. ಗಾಯತ್ರಿ, ಅನ್ವರ್ ಹಳೆಯ ಕಂಬ ತೆಗೆದು ದುಂಡು ಕಂಬ ಇಟ್ಟರು. ನಾನು ಬಿಡುತ್ತೇನೆಯೇ? ಇಷ್ಟು ಜಗಳ ಕಂಡ ಕಂಬಕ್ಕೆ ದೃಷ್ಟಿಯಾಗಬಾರದೆಂದು ಒಂದು ನಿಂಬೆಹಣ್ಣು, ಮೇಲೆ ಕೆಳಗೆ ಮೆಣಸಿನಕಾಯಿ, ದಾರದ ಸಮೇತ ಮಾಡಿ ಅದರ ಮೈಗೆ ಅಂಟಿಸಿದೆ. ಹಣ್ಣಿನ ಸಿಪ್ಪೆಯ ಸಣ್ಣ ಸಣ್ಣ ಗುಳಿ ಕೂಡ ಬಿಡಿಸಿದ್ದೆ. ಆದರೆ ನನ್ನ ಗುಂಪು ಎಲ್ಲರ ಪರದೆಯಲ್ಲೂ ಮುಚ್ಚಿತ್ತಲ್ಲ, ಯಾರೂ ನೋಡಲಿಲ್ಲ.

ಹಾಳೆಗಳು ಹೊರಬಂದವು. ನಾನೇ ಪ್ರಿಂಟು ತೆಗೆದೆ, ಮೇಡಂ ಸೇರಿ ನಾಲ್ವರೂ ನೋಡಿದೆವು, ಸೈಟಿಗೆ ಹೋದವು. ಪಾಯ ಹಳೆಯ ಹಾಳೆಯಂತೆ ಮೊದಲೇ ಹಾಕಿ ಆಗಿತ್ತು, ಮೇಲಿನ ಕೆಲಸ ಮಳೆಯ ನಡುವೆಯೇ ನಡೆಯಿತು. ನೆಲಮಾಳಿಗೆಯಲ್ಲಿ ಕಬ್ಬಿಣದ ಜಾಕಿಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೇಲೆ ಹಲಗೆ ಹೊದಿಸಿ, ಕಂಬಿ ಕಟ್ಟಿದರು. ಅನ್ವರ್ ಹೋಗಿ, ಹಲಗೆಯ ಮೇಲೆ ಟಾರ್ಪಾಲಿನ ಅಡಿ ಬಗ್ಗಿ ಬೀಮಿನ ಕಂಬಿಗಳನ್ನು ನೋಡಿ ಒಪ್ಪಿಗೆ ಕೊಟ್ಟು ಬಂದ. ಕಾಂಕ್ರೀಟು ಬಿತ್ತು. ಅದು ಗಟ್ಟಿಯಾಗುವ ತನಕ ಜಾಕಿಗಳು ಹೊತ್ತುಕೊಂಡಿರಬೇಕು, ಆಮೇಲೆ ಬಿಚ್ಚುವುದು. ಜಾಕಿಗಳ ಆ ಕಾಡಿನಲ್ಲಿ ಆನೆ ನಿಂತಿದ್ದರೂ ಕಾಣುತ್ತಿರಲಿಲ್ಲ. ಆಫೀಸಿಗೆ ಮುನಿಯಪ್ಪನವರ ಕಡೆಯಿಂದ ಮೈಸೂರುಪಾಕಿನ ಡಬ್ಬ ಬಂತು. ಕಂಬ ದುಂಡಗಾದ ಸಂತೋಷಕ್ಕಿರಬೇಕು ಎಂದುಕೊಂಡೆವು. ಎಲ್ಲರಿಗಿಂತ ಹೆಚ್ಚು ತಿಂದವನು ನಾನು. ಆಮೇಲೆ ಇವತ್ತಿನವರೆಗೆ ಮೈಸೂರುಪಾಕು ಮುಟ್ಟಿಲ್ಲ.

ಕೆಲವು ವಾರ ಕಳೆಯಿತು. ಒಂದು ಮಧ್ಯಾಹ್ನ ಹೊಗೆ ಕೊಳವೆಯನ್ನು ಕೊಂಚ ಪಕ್ಕಕ್ಕೆ ಸರಿಸಬೇಕಾಗಿತ್ತು. ಆಕಾಶ ಕಪ್ಪಾಗಿ ಕರೆಂಟು ಹೋಗಿತ್ತು. ದೀಪವಿಲ್ಲದ ಆಫೀಸಿನಲ್ಲಿ ಪರದೆಗಳಷ್ಟೇ ಬೆಳಗುತ್ತಿದ್ದವು. ನಾನು ಕಂಪ್ಯೂಟರಿನೊಳಗಿನ ಊಟದ ಮನೆಗೆ ಇಳಿದೆ. ಕೊಳವೆ ಸರಿಸಿದೆ. ಬಂದವನು ನಿಂಬೆಹಣ್ಣನ್ನು ಮಾತಾಡಿಸಿಕೊಂಡು ಹೋಗೋಣ, ಮದುವೆ ಹತ್ತಿರ ಬಂತು, ಅದಕ್ಕೊಂದು ಹೂವಿನ ಹಾರ ಹಾಕೋಣ ಎಂದು ನನ್ನ ಗುಂಪನ್ನು ತೆರೆದೆ.

ನಿಂಬೆಹಣ್ಣು ಇತ್ತು. ಕಂಬ ಇರಲಿಲ್ಲ.

ಖಾಲಿ ಊಟದ ಮನೆಯ ನಡುವೆ, ಆಳೆತ್ತರದಲ್ಲಿ, ಯಾವ ಆಸರೆಯೂ ಇಲ್ಲದೆ ನಿಂಬೆಹಣ್ಣು ಗಾಳಿಯಲ್ಲಿ ನಿಂತಿತ್ತು. ಕೆಂಪು ಮೆಣಸಿನಕಾಯಿ ನೆಟ್ಟಗೆ ಕೆಳಕ್ಕೆ ಇಳಿಬಿದ್ದಿತ್ತು. ಎಡಕ್ಕೆ ತಿರುಗಿಸಿದೆ, ಬಲಕ್ಕೆ ತಿರುಗಿಸಿದೆ. ಎಲ್ಲಿಂದ ನೋಡಿದರೂ ನನ್ನ ಕಡೆಗೇ ನೋಡುತ್ತಿರುವ ಹಾಗೆ. ಕುರ್ಚಿ ಹಿಂದಕ್ಕೆ ಸರಿಸಿದೆ. ಮರುಗಳಿಗೆ ಜೋರಾಗಿ ನಕ್ಕೆ. ಕೊನೆಗೂ ಯಾರೋ ನನ್ನ ಮೇಲೆಯೇ ಆಟ ಕಟ್ಟಿದ್ದಾರೆ! ಇಷ್ಟು ವರ್ಷದಲ್ಲಿ ಒಬ್ಬ ಶಿಷ್ಯ ತಯಾರಾದನಲ್ಲ ಎಂದು ಹೆಮ್ಮೆಯೇ ಆಯಿತು.

“ಅನ್ವರ್, ಶಭಾಷ್ ಮಗಾ. ಸೋತೆ, ಒಪ್ಕೊಂಡೆ. ಕಂಬ ವಾಪಸ್ ಇಡು.”

“ಯಾವ್ ಕಂಬ ಸೀನಣ್ಣ?”

“ನಡುಗಂಬ. ಎಲ್ಲಿ ಬಚ್ಚಿಟ್ಟೆ?”

“ನಾನ್ ಯಾಕ್ ಬಚ್ಚಿಡ್ಲಿ? ನಂಗೇನ್ ಬೇರೆ ಕೆಲ್ಸ ಇಲ್ವಾ?”

“ಗಾಯತ್ರಿ, ಹಂಗಾದ್ರೆ ನೀನಾ?”

“ಅಯ್ಯೋ ಸೀನಣ್ಣ, ಇವತ್ ಬೇಡ. ಇವತ್ ಬಾಗಿಲಿನ ಪಟ್ಟಿ ಕೊಡ್ಬೇಕು. ನಾಳೆ ಆಟ ಆಡೋಣ.”

ಅವಳು ತಲೆ ಕೂಡ ಎತ್ತಲಿಲ್ಲ. ಇವರಿಬ್ಬರಿಗೂ ಸುಳ್ಳು ಹೇಳಲು ಬರುವುದಿಲ್ಲ. ನಾನೇ ಕಲಿಸಲು ಪ್ರಯತ್ನಪಟ್ಟು ಕೈಬಿಟ್ಟಿದ್ದೆ. ಹಾಗಾದರೆ ಯಾರು? ಆಗ ಬಂತು ನೋಡಿ ನಿಜವಾದ ಭಯ. ನಾನೇ ತೆಗೆದಿದ್ದರೆ? ಅದನ್ನು ಇದನ್ನು ಅಂಟಿಸುವ ಭರದಲ್ಲಿ, ಕರೆಂಟು ಹೋಗುವ ಗಡಿಬಿಡಿಯಲ್ಲಿ, ಈ ಕೈಯೇ ಕಂಬವನ್ನು ಅಳಿಸಿ ಮೂಲಕ್ಕೆ ಸೇರಿಸಿಬಿಟ್ಟಿದ್ದರೆ? ನೆನಪು ಮಾಡಿಕೊಳ್ಳಲು ನೋಡಿದೆ. ಮಾಡಿದ ಕುಚೇಷ್ಟೆ, ಮಾಡದ ಕುಚೇಷ್ಟೆ ಎಲ್ಲ ಕಲಸಿಹೋಗಿ ಒಂದೂ ಖಚಿತವಾಗಲಿಲ್ಲ.

ಎದ್ದು ಹೋಗಿ ಕಪಾಟಿನಿಂದ ಸೈಟಿಗೆ ಹೋದ ಹಾಳೆಯ ಪ್ರತಿ ತಂದೆ. ಕಿಟಕಿ ಬೆಳಕಿಗೆ ಹಿಡಿದೆ. ಊಟದ ಮನೆ, ಮೇಜಿನ ಸಾಲುಗಳು, ಕೈ ತೊಳೆಯುವ ಜಾಗ. ನಡುವೆ ಏನೂ ಇಲ್ಲ. ನಾನೇ ಪ್ರಿಂಟು ತೆಗೆದ ಹಾಳೆ. ನಾಲ್ಕು ಜೊತೆ ಕಣ್ಣು ಅದನ್ನು ನೋಡಿದ್ದವು. ಹಾಳೆಯಲ್ಲಿ ಇದ್ದದ್ದೆಲ್ಲ ಸರಿಯಾಗಿದೆಯೇ ಎಂದು ನೋಡಿದ್ದೆವು. ಇಲ್ಲದಿರುವುದನ್ನು ಯಾರು ನೋಡಬೇಕು?

“ಮೇಡಂ!” ಎಂದು ಕೂಗಿದೆ.

ವಸಂತಾ ಮೇಡಂ ಬಂದರು. ಪರದೆ ನೋಡಿದರು, ಹಾಳೆ ನೋಡಿದರು. ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

“ಸೀನಣ್ಣ, ಇದು ನಿಮ್ಮ ತಮಾಷೆ ತಾನೇ? ಬೈಯಲ್ಲ. ತಮಾಷೆ ಅಂತ ಹೇಳ್ಬಿಡಿ.”

ಅವರು ಬೇಡಿಕೊಳ್ಳುತ್ತಿದ್ದರು. ಹೌದು ಎಂದುಬಿಡಲು ನನಗೆಷ್ಟು ಆಸೆಯಾಯಿತೆಂದು ಹೇಳಲಾರೆ. ಅಲ್ಲ ಎಂದು ತಲೆ ಅಲ್ಲಾಡಿಸಿದೆ.

ಗಾಯತ್ರಿ ಎದ್ದು ಬಂದಳು, ಅನ್ವರ್ ಬಂದ. ನಾಲ್ಕು ಜನ ಒಂದೇ ಪರದೆಯ ಮುಂದೆ. ಗಾಯತ್ರಿ ನಿಂಬೆಹಣ್ಣನ್ನೇ ನೋಡುತ್ತಾ ಮೆಲ್ಲಗೆ ಹೇಳಿದಳು:

“ನಾನು ನನ್ನ ಕಂಬ ತೆಗ್ದೆ. ಅಲ್ಲಿ ಎರಡು ಇತ್ತಲ್ಲ, ನಾನಿಟ್ಟಿದ್ದು, ಅನ್ವರ್ ಇಟ್ಟಿದ್ದು, ಒಂದರ ಮೇಲೊಂದು. ಎರಡೆರಡು ಇದೆ ಅಂತ ಕಂಪ್ಯೂಟರ್ ಬಡ್ಕೊಳ್ತಿತ್ತು. ಅನ್ವರ್ ಲೆಕ್ಕ ಹಾಕಿ ಇಟ್ಟಿರೋ ಕಂಬ, ಅದೇ ಇರಲಿ ಅಂತ ನಂದು ತೆಗ್ದೆ.”

ಅನ್ವರ್ ಅವಳ ಕಡೆ ತಿರುಗಿದ. “ನಾನೂ ತೆಗ್ದೆನಲ್ಲ.”

“ಏನು?”

“ನಂದು. ನಿಮ್ಮ ಕಂಬ ಇದೆಯಲ್ಲ, ಸರಿಯಾದ ಜಾಗದಲ್ಲೇ ಇಟ್ಟಿದೀರ, ಅದೇ ಇರಲಿ ಅಂತ ನನ್ನದನ್ನ ನಾನ್ ತೆಗ್ದೆ. ಅವತ್ತೇ. ಮಳೆ ಬಂತಲ್ಲ, ಎಲ್ರೂ ಸೇರ್ಸಿ ಸೇರ್ಸಿ ಅಂತ…”

ಅವಳ ನಕಲಿನಲ್ಲಿ ಅವನ ಕಂಬ ಇತ್ತು, ಅವನ ನಕಲಿನಲ್ಲಿ ಅವಳ ಕಂಬ ಇತ್ತು. ಇಬ್ಬರೂ ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟು ತಂತಮ್ಮದನ್ನು ತೆಗೆದರು. ಎರಡೂ ಮೂಲಕ್ಕೆ ಸೇರಿದ ಗಳಿಗೆಯಲ್ಲಿ ಕಂಬ ಲೋಕದಿಂದಲೇ ಹೋಯಿತು. ತಪ್ಪು ಯಾರದೆಂದು ಹುಡುಕಿದರೆ ಕಟ್ಟಳೆಯನ್ನು ಅಕ್ಷರಶಃ ಪಾಲಿಸಿದ ಇಬ್ಬರು ಸಿಗುತ್ತಿದ್ದರು. ಕಟ್ಟಳೆ ಯಾರ ಕುಚೇಷ್ಟೆಯಿಂದ ಬಂತು ಎನ್ನುವುದು ನನಗೆ ಗೊತ್ತಿತ್ತು. ಆಗ ಅದನ್ನು ಎತ್ತುವಷ್ಟು ಯಾರಿಗೂ ಪುರುಸೊತ್ತಿರಲಿಲ್ಲ.

“ಆ ಬೀಮ್ ಲೆಕ್ಕ ಹಾಕಿರೋದು ಮಧ್ಯೆ ಕಂಬ ಇದೆ ಅಂತ” ಎಂದ ಅನ್ವರ್. ತುಟಿ ಬೆಳ್ಳಗಾಗಿತ್ತು. “ಜಾಕಿ ಇರೋ ತನಕ ನಿಂತಿರುತ್ತೆ.”

“ಬಿಚ್ಚಿದ್ರೆ?” ಎಂದೆ.

ಅವನು ಬಾಗಿಲ ಹತ್ತಿರ ಹೋಗಿ ಚಪ್ಪಲಿ ಹುಡುಕತೊಡಗಿದ.

ಮೇಡಂ ಸೈಟಿನ ಮೇಸ್ತ್ರಿ ಮಾದೇಶನಿಗೆ ಫೋನು ಮಾಡಿದರು. ನೆಲಮಾಳಿಗೆಯಲ್ಲಿ ಸಿಗ್ನಲ್ ಎಲ್ಲಿ ಬರಬೇಕು. ಮುನಿಯಪ್ಪನವರಿಗೆ ಮಾಡಿದರು. ಅವರು ಮೇಲೆ ಮಳೆಯಲ್ಲಿದ್ದರೇನೋ, ಸಿಕ್ಕರು; ಅವರ ದನಿ ನಮಗೆಲ್ಲ ಕೇಳಿಸಿತು.

“ಮೇಡಂ! ನಾನೇ ಮಾಡ್ಬೇಕು ಅಂತಿದ್ದೆ. ಬನ್ನಿ ಬನ್ನಿ, ಜಾಕಿ ಬಿಚ್ತಾ ಇದಾರೆ. ಅಡಿಗೆಮನೆ ಕಡೆಯಿಂದ ಶುರು ಮಾಡಿದಾರೆ. ಕಂಬ ತೆಗ್ಸಿ ಕೊಟ್ರಲ್ಲ, ನಿಮ್ ಉಪಕಾರ…”

“ನಿಲ್ಲಿಸಿ! ಮುನಿಯಪ್ಪನವರೇ, ನಿಲ್ಲಿಸೋಕೆ ಹೇಳಿ!”

“ಹಲೋ? ಹಲೋ? ಮಳೆ ಮೇಡಂ, ಕೇಳಿಸ್ತಿಲ್ಲ…”

ಕಟ್ಟಾಯಿತು. ಮೈಸೂರುಪಾಕು ಯಾತಕ್ಕೆ ಬಂದಿತ್ತೆಂದು ಆಗ ತಿಳಿಯಿತು.

ನನ್ನ ಸ್ಕೂಟರು. ಹಿಂದೆ ಅನ್ವರ್. ಮೇಡಂ ಮತ್ತು ಗಾಯತ್ರಿ ಆಟೋ ಹುಡುಕಲು ಓಡಿದರು. ಶಂಕರಪುರದಿಂದ ಚಾಮರಾಜಪೇಟೆ ಎಷ್ಟು ದೂರ? ಮಾತಾಡುತ್ತಾ ನಡೆದರೆ ಮಾತು ಮುಗಿಯುವ ಮುಂಚೆ ಊರು ಬಂದಿರುತ್ತದೆ. ಅವತ್ತು ದಾರಿ ಮುಗಿಯಲೇ ಇಲ್ಲ. ಮಳೆ ಕಣ್ಣಿಗೆ ಹೊಡೆಯುತ್ತಿತ್ತು, ಮೋರಿ ತುಂಬಿ ರಸ್ತೆಗೆ ಬಂದಿತ್ತು, ಎದುರಿನಿಂದ ಬಂದ ಬಸ್ಸು ನಮ್ಮಿಬ್ಬರಿಗೂ ತಲೆತನಕ ಸ್ನಾನ ಮಾಡಿಸಿತು. ಬೆನ್ನ ಹಿಂದೆ ಅನ್ವರ್ ಏನೋ ಗೊಣಗುತ್ತಿದ್ದ. ಪ್ರಾರ್ಥನೆಯೋ, ಬೀಮಿನ ಲೆಕ್ಕವೋ ತಿಳಿಯಲಿಲ್ಲ. ನಾನು ಯಾವ ದೇವರನ್ನೂ ಕರೆಯಲಿಲ್ಲ. ನನ್ನ ಕಿವಿಯೆಲ್ಲ ಮುಂದಕ್ಕಿತ್ತು. ದೂರದಿಂದ ಒಂದು ದೊಡ್ಡ ಸದ್ದು ಬಂದರೆ ಏನು ಮಾಡುವುದು? ಗುಡುಗು ಬಂದಾಗ ಬ್ರೇಕು ಹಿಡಿದುಬಿಟ್ಟೆ. “ಗುಡುಗು ಸೀನಣ್ಣ, ಗುಡುಗು, ಹೋಗಿ” ಎಂದ ಅನ್ವರ್ ನನ್ನ ಭುಜ ಗುದ್ದಿ.

ಕಟ್ಟಡ ನಿಂತಿತ್ತು. ಒಳಗಿನಿಂದ ಠಣ್, ಠಣ್ ಎಂದು ಸುತ್ತಿಗೆ ಸದ್ದು.

ಇಳಿಜಾರಿನಲ್ಲಿ ಓಡಿದೆವು. ಕೆಳಗೆ ಅರೆಗತ್ತಲು. ಅಡುಗೆಮನೆ ಬದಿಯ ಜಾಕಿಗಳು ಆಗಲೇ ನೆಲಕ್ಕೆ ಮಲಗಿದ್ದವು. ಕೆಲಸಗಾರರು ನಡುವಿನ ಕಡೆಗೆ ಬರುತ್ತಿದ್ದರು. ಮುನಿಯಪ್ಪನವರು ಒಂದು ಪಕ್ಕ ನಿಂತು ಮದುವೆಮನೆ ಯಜಮಾನನ ಹಾಗೆಯೇ ನೋಡುತ್ತಿದ್ದರು.

“ನಿಲ್ಸಿ! ಮಾದೇಶ, ನಿಲ್ಸು! ಮೇಲಿಂದು ಬೀಳುತ್ತೆ!” ಎಂದು ಕೂಗಿದೆ.

ಮಾದೇಶ ನನ್ನನ್ನು ನೋಡಿ ಹಲ್ಲು ಬಿಟ್ಟ. “ಏನ್ ಸಾರ್, ಹೋದ್ಸಲ ಸಿಮೆಂಟ್ ಮೂಟೇಲಿ ನಾಗರಹಾವು ಅಂದ್ರಿ. ಈ ಸಲ ತಾರಸೀನೇ ಬೀಳ್ಸಿದ್ರಾ?”

ಎಲ್ಲರೂ ನಕ್ಕರು. ಠಣ್. ಇನ್ನೊಂದು ಜಾಕಿ ಸಡಿಲವಾಯಿತು. ಅನ್ವರ್ ಮಾತಾಡಲು ಬಾಯಿ ತೆರೆದ. ಏದುಸಿರಿಗೆ ದನಿಯೇ ಹೊರಡಲಿಲ್ಲ. ಕೊನೆಗೆ “ಕಂಬ… ಅಲ್ಲಿ ಕಂಬ ಇರ್ಬೇಕಿತ್ತು” ಎಂದ.

ಮುನಿಯಪ್ಪನವರ ಮುಖ ಬಿಗಿಯಿತು. “ಓಹೋ. ಕೊಟ್ಟಿದ್ದನ್ನ ವಾಪಸ್ ಕೇಳಕ್ಕೆ ಬಂದ್ರಾ? ಹಾಳೇಲಿ ಇಲ್ಲ ನೋಡ್ರಿ ಕಂಬ. ಪಾಯದಿಂದ ಎದ್ದಿದ್ದ ಕಂಬಿ ಬಗ್ಗಿಸಿ ಮುಚ್ಚಿಸಿದೀನಿ. ಅರ್ಧ ಜಾಕಿ ಬಿಚ್ಚಿದಾರೆ, ಏನ್ ಬಿತ್ತು? ನನ್ ಮಗಳ ಮದ್ವೆ ಇದು, ನಿಮ್ಮ ಹಠಕ್ಕೆ ಪಂಕ್ತಿ ಕೆಡಿಸಲ್ಲ. ಮಾದೇಶ, ನಡೀಲಿ.”

ಆಗ ಮೇಲಿನಿಂದ ಒಂದು ಸದ್ದು ಬಂತು. ದೊಡ್ಡದಲ್ಲ. ಒಣ ಕಡ್ಡಿ ಮುರಿದ ಹಾಗೆ, ಟಿಕ್. ಕೆಲಸಗಾರರಿಗೆ ಕೇಳಿಸಲಿಲ್ಲ. ಅನ್ವರನಿಗೆ ಕೇಳಿಸಿತು, ಅವನು ನನ್ನ ತೋಳು ಹಿಡಿದ ರಭಸಕ್ಕೆ ಉಗುರು ಒಳಗಿಳಿಯಿತು.

ನಾನು ಹೇಗೆ ಹೋದೆನೋ ಗೊತ್ತಿಲ್ಲ. ಜಾಕಿಗಳ ಸಂದಿಯಲ್ಲಿ ನುಗ್ಗಿ, ನೆಲಮಾಳಿಗೆಯ ನಟ್ಟನಡುವೆ, ಕಂಬಿ ಬಗ್ಗಿಸಿ ಗಾರೆ ಮೆತ್ತಿದ್ದ ಗುಬುಟಿನ ಪಕ್ಕದಲ್ಲಿ, ಕೆಸರು ನೀರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತೆ. ಊಟಕ್ಕೆ ಕೂತ ಹಾಗೆ. ಕಾಲು ಆ ರೀತಿ ನಡುಗುತ್ತಿದ್ದರೆ ಮಡಚಿ ಕೂರುವುದೊಂದೇ ದಾರಿ.

“ಮುನಿಯಪ್ಪನವರೇ,” ಎಂದೆ, “ಪಂಕ್ತಿ ಚೆನ್ನಾಗಿದೆ, ಕಂಬ ಗಿಂಬ ಏನೂ ಅಡ್ಡ ಇಲ್ಲ. ಬನ್ನಿ, ನನ್ನ ಪಕ್ಕ ಕೂತ್ಕೊಳ್ಳಿ. ನಾವಿಬ್ರು ಇಲ್ಲಿ ಕೂತಿರೋಣ, ಅವ್ರು ಮಿಕ್ಕಿದ್ದು ಬಿಚ್ಲಿ. ನಾಳೆ ನಿಮ್ಮ ಬೀಗರು ಕೂರೋ ಜಾಗ ಅಲ್ವಾ, ಇವತ್ತು ನಾವು ಕೂತು ನೋಡೋಣ.”

ಸುತ್ತಿಗೆ ನಿಂತಿತು. ಮುನಿಯಪ್ಪನವರು ನನ್ನನ್ನು ನೋಡಿದರು, ನನ್ನ ತಲೆಯ ಮೇಲಿನ ಚಾವಣಿಯನ್ನು ನೋಡಿದರು. ಒಂದು ಹೆಜ್ಜೆ ಹಿಂದಕ್ಕೆ ಇಟ್ಟರು. ಇನ್ನೊಂದು ಹೆಜ್ಜೆ. ಆಮೇಲೆ ಪಂಚೆ ಎತ್ತಿಕೊಂಡು ಇಳಿಜಾರು ಹತ್ತಿ ಓಡಿಯೇಬಿಟ್ಟರು. ಒಂದು ಚಪ್ಪಲಿ ಕೆಸರಿನಲ್ಲೇ ಕಚ್ಚಿಕೊಂಡು ಉಳಿಯಿತು. ಮಳೆಯಲ್ಲಿ ನಿಂತುಕೊಂಡು ಅಲ್ಲಿಂದ “ನಿಲ್ಸ್ರೋ! ನಿಲ್ಸ್ರೋ!” ಎಂದು ಕೂಗಿದರು. ಕೆಲಸಗಾರರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಮೇಡಂ ಬರುವಷ್ಟರಲ್ಲಿ ಮಾದೇಶನ ಕಡೆಯವರು ಬಿಚ್ಚಿದ ಜಾಕಿಗಳನ್ನು ಮತ್ತೆ ಎತ್ತಿ ಬಿಗಿಯುತ್ತಿದ್ದರು. ಅನ್ವರ್ ಬ್ಯಾಟರಿ ಹಿಡಿದು ತೋರಿಸಿದ: ಬೀಮಿನ ತಳದಲ್ಲಿ ಕೂದಲೆಳೆಯಂಥ ಒಂದು ಬಿರುಕು. ಮುನಿಯಪ್ಪನವರು ಅದನ್ನು ನೋಡಿ “ಕಂಬ ಎಬ್ಸಿ” ಎಂದರು. ಮುಂದಿನ ಕೆಲಸವೆಲ್ಲ ಬೇಗ ಬೇಗ ಆಯಿತು. ಗಾರೆ ಒಡೆದರು, ಬಗ್ಗಿಸಿದ ಕಂಬಿಗಳನ್ನು ಕತ್ತರಿಸಿ ಹೊಸವನ್ನು ಪಾಯದೊಳಗೆ ಕೂರಿಸಿದರು, ಕಂಬ ಎಬ್ಬಿಸಿದರು, ಬೀಮು ಕಂಬಕ್ಕೆ ಕೂಡುವ ಸಂದಿಯನ್ನು ಅನ್ವರ್ ಮುಂದೆ ನಿಂತು ತುಂಬಿಸಿದ. ಜಾಕಿ ಬಿಚ್ಚುವ ದಿನ ನಾವು ನಾಲ್ಕು ಜನವೂ ಕೆಳಗೆ ನಿಂತಿದ್ದೆವು. ಗಾಯತ್ರಿ ಕಂಬಕ್ಕೆ ಕಿವಿಗೊಟ್ಟು ನಿಂತಿದ್ದಳು, ಎದೆಬಡಿತ ಕೇಳುವವಳ ಹಾಗೆ. ಏನೂ ಕೇಳಿಸಲಿಲ್ಲ. ಅದಕ್ಕಿಂತ ಒಳ್ಳೆಯ ಸದ್ದು ನಾನು ಕೇಳಿಲ್ಲ.

ಮಗಳ ಮದುವೆ ಆಯಿತು. ಸಾರಿನ ಬಕೀಟು ಕಂಬ ಬಳಸಿಕೊಂಡು ಓಡಿತು, ಯಾವ ಬೀಗರ ತಲೆಗೂ ಬೀಳಲಿಲ್ಲ. ನಮ್ಮ ಆಫೀಸಿನಲ್ಲಿ ಒಂದು ಹೊಸ ಪದ್ಧತಿ ಶುರುವಾಯಿತು. ಕಂಪ್ಯೂಟರಿನೊಳಗಿನ ಕಟ್ಟಡದಿಂದ ಯಾರು ಏನೇ ತೆಗೆದರೂ ಗಟ್ಟಿಯಾಗಿ ಕೂಗಿ ಹೇಳಬೇಕು, ಇನ್ನೊಬ್ಬರು ನೋಡಿ “ಉಳಿದದ್ದು ಇದೆ” ಎನ್ನಬೇಕು. ‘ಬಾಗಿಲು ತೆಗೀತಿದೀನಿ!’ ‘ಉಳಿದಿದ್ದು ಇದೆ!’ ಎಂದು ದಿನವಿಡೀ ಸಂತೆಯ ಹಾಗೆ ಗಲಾಟೆ. ಕಾಗದ ತಲುಪಿಸಲು ಬರುತ್ತಿದ್ದ ಪೋಸ್ಟ್‌ಮನ್ ಇದು ನಾಟಕದ ಕಂಪನಿ ಎಂದುಕೊಂಡಿದ್ದ. ‘ಸೀನಣ್ಣನ ಸಾಮಾನು’ ಗುಂಪನ್ನು ಮೇಡಂ ತಾವೇ ಎಲ್ಲರ ಪರದೆಯಲ್ಲೂ ತೆರೆದಿಟ್ಟರು. ತೆರೆದ ಮೇಲೆ ನನಗೆ ಅದರಲ್ಲಿ ಏನಿಡಬೇಕೆಂದೇ ತೋಚಲಿಲ್ಲ.

ಇಷ್ಟು ವರ್ಷ ಈ ಕಥೆಯನ್ನು ನಾನು ಹೀಗೆಯೇ ಹೇಳಿಕೊಂಡು ಬಂದಿದ್ದೇನೆ, ಜನ ಹೀಗೆಯೇ ನಕ್ಕಿದ್ದಾರೆ. ಇದರಲ್ಲಿ ಒಂದು ಸುಳ್ಳಿದೆ. ನಿಂಬೆಹಣ್ಣಲ್ಲ; ಅದು ಗಾಳಿಯಲ್ಲಿ ನಿಂತಿದ್ದು ನನ್ನಾಣೆಗೂ ನಿಜ. ಸುಳ್ಳು, ಕೆಸರಿನಲ್ಲಿ ಕಚ್ಚಿಕೊಂಡ ಆ ಚಪ್ಪಲಿ. ಮುನಿಯಪ್ಪನವರು ಓಡಲಿಲ್ಲ.

ಅವರು ಚಪ್ಪಲಿ ಎರಡನ್ನೂ ಬಿಟ್ಟರು, ಊಟಕ್ಕೆ ಕೂರುವ ಮುಂಚೆ ಬಿಡುವ ಹಾಗೆ, ಪಕ್ಕಪಕ್ಕ ಜೋಡಿಸಿ. ಛತ್ರಿಯನ್ನು ಅದರ ಪಕ್ಕದಲ್ಲಿಟ್ಟರು. ಜಾಕಿಗಳ ನಡುವೆ ನಡೆದುಬಂದು ಕೆಸರಿನಲ್ಲಿ ನನ್ನ ಪಕ್ಕ ಕೂತರು. ಮೊಣಕಾಲಿಗೆ ಮೊಣಕಾಲು ತಾಗಿತು. ಮೇಲೆ ನೋಡಿದರು. ಆಗ ಇನ್ನೊಮ್ಮೆ ಟಿಕ್ ಎಂದಿತು. ಈ ಸಲ ಅವರಿಗೂ ಕೇಳಿಸಿತು.

“ಸೀನಣ್ಣ, ಮದುಮಗಳನ್ನ ಎಲ್ಲಿ ಕೂರಿಸ್ತಾರೆ?” ಎಂದರು.

ಅವರು ಕೂತಿದ್ದ ಜಾಗವನ್ನೇ ತೋರಿಸಿದೆ.

ಯಾರೂ ನಗುತ್ತಿರಲಿಲ್ಲ. ಮುನಿಯಪ್ಪನವರು ಕೈ ಚಾಚಿ ಪಕ್ಕದ ಜಾಕಿಯನ್ನು ಹಿಡಿದುಕೊಂಡರು. ಏಳಲಿಲ್ಲ. ಕೂತಲ್ಲಿಂದಲೇ, ತೊಟ್ಟಿಲ ಮಗು ಎದ್ದೀತೆಂಬಂಥ ಸಣ್ಣ ದನಿಯಲ್ಲಿ, “ಮಾದೇಶ, ಸುತ್ತಿಗೆ ಕೆಳಗಿಡಪ್ಪ. ಮೆಲ್ಲಗೆ ಇಡು” ಎಂದರು.